ಸಾಕು ಎಂಬ ಮಾತು

ನಮ್ಮಜ್ಜಿಯ ಮನೆಯಲ್ಲಿ ಬಾಡು ಬೇಯಿಸುವುದಕ್ಕೆಂದೇ ಬೇರೆ ಮಡಕೆಯೊಂದಿತ್ತು. ಬೂದಿ ಬುಧವಾರದ ಹಿಂದಿನ ರಾತ್ರಿ ಎಲ್ಲರ ಊಟವಾದ ಮೇಲೆ ಅಜ್ಜಿ ಅದಕ್ಕೆ ಒಲೆಯ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಮೂರು ಸಲ ಗಲಬರಿಸಿ, ಒಲೆಯ ಮಗ್ಗುಲಲ್ಲಿ ಬೋರಲು ಹಾಕಿ ಆರಿಸುತ್ತಿದ್ದಳು. ಬೆಳಿಗ್ಗೆ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳೇ ಆ ಮಡಕೆಯನ್ನು ಅಟ್ಟಕ್ಕೇರಿಸಿದರೆ ಮತ್ತೆ ಇಳಿಸುವುದು ಪಾಸ್ಕ ಹಬ್ಬದ ದಿನವೇ. ಕ್ಯಾಲೆಂಡರ್ ಓದಲು ಬಾರದ ವಯಸ್ಸಿನಲ್ಲಿ ನಮಗೆ ತಪಸ್ಸುಕಾಲವೆಂದರೆ ಮಡಕೆ ಅಟ್ಟದ ಮೇಲಿರುವ ಕಾಲ.

ಧರ್ಮಸಭೆ ಅಷ್ಟನ್ನು ಕೇಳುವುದಿಲ್ಲ. ಈಗಿರುವ ಕಾನೂನಿನಂತೆ 14 ತುಂಬಿದವರು ಮಾಂಸ ಬಿಡಬೇಕು, 18ರಿಂದ 59ರವರೆಗಿನವರು ಉಪವಾಸವಿರಬೇಕು. ಉಪವಾಸವೂ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲವೆಂದಲ್ಲ, ಬೇಕಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ನಲವತ್ತು ದಿನ ನಡೆಸಿದಳು. ಶುಕ್ರವಾರ ಸಂಜೆ ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಹದಿನಾಲ್ಕು ಸಲ ಮೊಣಕಾಲೂರುತ್ತಿದ್ದಳು. ಏಳುವಾಗ ಆಸರೆಗೆ ನನ್ನ ಭುಜ ಹಿಡಿಯುತ್ತಿದ್ದಳು. ಆ ಹಿಡಿತದ ಭಾರ ಇಂದಿಗೂ ನನ್ನ ಎಡಭುಜಕ್ಕೆ ನೆನಪಿದೆ.

ಜ್ಞಾನೋಪದೇಶದ ತರಗತಿಯಲ್ಲಿ ನಾವು ಮಕ್ಕಳು ಸಿಸ್ಟರನ್ನು ಕೇಳದ ಪ್ರಶ್ನೆಯಿಲ್ಲ. ಶುಕ್ರವಾರ ಮೊಟ್ಟೆ ತಿನ್ನಬಹುದೇ? ಒಣಮೀನು? ಸಾರು ಮಾತ್ರ ಹಾಕಿಕೊಂಡು ತುಂಡು ಬಿಟ್ಟರೆ? ಮರೆತು ಬಾಯಿಗಿಟ್ಟುಕೊಂಡದ್ದನ್ನು ನುಂಗಬೇಕೇ, ಉಗಿಯಬೇಕೇ? ಮಕ್ಕಳ ಬುದ್ಧಿ ಇಲ್ಲಿಗೆ ಓಡುವುದು ಸಹಜ. ಆದರೆ ದೊಡ್ಡವರ ಬುದ್ಧಿಯೂ ಇದೇ ಹಾದಿಯಲ್ಲಿ ಬಹಳ ದೂರ ನಡೆದಿದೆ. ವೆನೆಜುವೆಲಾದ ನೀರುಬಯಲುಗಳಲ್ಲಿ ಕ್ಯಾಪಿಬಾರ ಎಂಬ ದಪ್ಪನೆಯ ಪ್ರಾಣಿಯಿದೆ, ಇಲಿಯ ಜಾತಿಗೆ ಸೇರಿದ್ದು, ನೀರಿನಲ್ಲೇ ಹೆಚ್ಚು ಹೊತ್ತು ಕಳೆಯುವಂಥದ್ದು. ನೀರಿನಲ್ಲಿರುತ್ತದಾದ್ದರಿಂದ ಅದನ್ನು ಮೀನಿನ ಲೆಕ್ಕಕ್ಕೆ ಸೇರಿಸಿ ಅಲ್ಲಿಯ ಕ್ರೈಸ್ತರು ತಪಸ್ಸುಕಾಲದಲ್ಲಿ ತಿನ್ನುತ್ತ ಬಂದಿದ್ದಾರೆ. ಇದನ್ನು ಮೊದಲು ಓದಿದಾಗ ನನಗೆ ಬೇಸರವಾಗಿತ್ತು. ಈಗ ಇಲ್ಲ. ಬೇರೇನೂ ಸಿಗದ ಊರಿನಲ್ಲಿ ಹಸಿದ ಜನರನ್ನು ನೋಡಿ ಯಾರೋ ಒಬ್ಬ ಸ್ವಾಮಿಗಳು ಕನಿಕರದಿಂದಲೇ ಹೂಂ ಅಂದಿದ್ದಿರಬಹುದು.

1966ರಲ್ಲಿ ಆರನೆಯ ಪೌಲ್ ಪೋಪರು ಈ ಉಪವಾಸದ ಕಟ್ಟಳೆಗಳನ್ನು ತಿದ್ದಿ ಬರೆದರು. ಮಾಂಸ ಬಿಡುವುದರ ಬದಲು ದಯೆಯ ಕೆಲಸವನ್ನೋ ಪ್ರಾರ್ಥನೆಯನ್ನೋ ಗೊತ್ತುಮಾಡಲು ಆಯಾ ದೇಶದ ಬಿಷಪರಿಗೆ ಅಧಿಕಾರ ಕೊಟ್ಟರು. ಸಡಿಲಿಸಿಬಿಟ್ಟರು ಎಂದು ಗೊಣಗಿದವರು ಬಹಳ. ನನಗೇನೋ ಅದು ಸಡಿಲಿಕೆಯಾಗಿ ಕಂಡಿಲ್ಲ. ಬಾಡು ಬಿಡುವುದು ಸುಲಭ, ಮಡಕೆಯನ್ನು ಅಟ್ಟಕ್ಕೇರಿಸಿದರೆ ಮುಗಿಯಿತು. ದಯೆಯ ಕೆಲಸವನ್ನು ಎಷ್ಟು ಮಾಡಿದರೆ ಮುಗಿಯಿತು?

ಕಟ್ಟಳೆ. ನಮ್ಮ ಪ್ರಾರ್ಥನೆಯ ಪುಸ್ತಕಗಳಲ್ಲಿ ದೇವರ ಹತ್ತು ಆಜ್ಞೆಗಳಿಗೆ ಹತ್ತು ಕಟ್ಟಳೆಗಳು ಎಂದಿರುತ್ತದೆ. ನನ್ನ ಕಿವಿಗೆ ಆ ಪದದಲ್ಲಿ ಕಟ್ಟುವುದೂ ಕೇಳುತ್ತದೆ, ಅಳೆಯುವುದೂ ಕೇಳುತ್ತದೆ. ಕಟ್ಟುವುದರಲ್ಲಿ ತಪ್ಪೇನಿಲ್ಲ. ಬದುವಿಲ್ಲದ ಹೊಲದಲ್ಲಿ ಮಣ್ಣು ನಿಲ್ಲುವುದಿಲ್ಲ. ಅಳೆಯುವುದಕ್ಕೆ ಹೊರಟಾಗ ಕಷ್ಟ ಶುರುವಾಗುತ್ತದೆ.

ನಮ್ಮದು ರೇಷ್ಮೆಯ ಊರು. ಹುಳು ಸಾಕುವ ಮನೆಗೂ ಭಾನುವಾರದ ಕಟ್ಟಳೆಗೂ ಎಂದೂ ಸರಿಹೋಗುವುದಿಲ್ಲ. ಭಾನುವಾರ ದೇವರ ದಿನ, ಪೂಜೆ ತಪ್ಪಿಸಬಾರದು, ಹೊಲಗದ್ದೆಯ ಕೆಲಸ ಮಾಡಬಾರದು. ಆದರೆ ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ವಾರ ಗೊತ್ತಿಲ್ಲ. (ರೇಷ್ಮೆಹುಳು ಪೊರೆ ಬಿಡಲು ಮೇವು ನಿಲ್ಲಿಸಿ ತಲೆಯೆತ್ತಿ ನಿಲ್ಲುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥವು ನಾಲ್ಕು.) ಹುಳುವಾಗಿ ಅದರ ಆಯುಸ್ಸು ಇಪ್ಪತ್ತೈದು ದಿನದ ಆಸುಪಾಸು. ಅಷ್ಟರಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ನಾಲ್ಕನೇ ಜ್ವರ ಕಳೆದ ಮೇಲಿನ ಒಂದೇ ವಾರದಲ್ಲಿ ತಿನ್ನುತ್ತದೆ. ರಾತ್ರಿ ಹುಳದ ಮನೆಯಲ್ಲಿ ನಿಂತರೆ ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು, ಸಾವಿರಾರು ಬಾಯಿಗಳು ಸೊಪ್ಪು ಕತ್ತರಿಸುವ ಸದ್ದು. ಆ ವಾರದಲ್ಲಿ ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ. ಹುಳು ಹಣ್ಣಾದ ದಿನ ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಸುತ್ತಿ ಹಾಳಾಗುತ್ತದೆ. ಬೆಳೆ ಹೋದರೆ ಮನೆಗೆ ಸಾಲ.

ಹೀಗಾಗಿ ನಮ್ಮೂರ ಮನೆಗಳಲ್ಲಿ ಭಾನುವಾರ ಮುಂಜಾನೆ ಒಬ್ಬರಲ್ಲ ಒಬ್ಬರು ಪೂಜೆ ತಪ್ಪಿಸಿ ಸೊಪ್ಪಿಗೆ ಹೋಗುತ್ತಿದ್ದರು. ನನ್ನ ನೆನಪಿನಲ್ಲಿ ಇಬ್ಬರು ಸ್ವಾಮಿಗಳಿದ್ದಾರೆ. ಒಬ್ಬರು ಪ್ರಸಂಗದಲ್ಲಿ ಹುಳುವಿನ ಹೆಸರೆತ್ತಿ ಬಯ್ಯುತ್ತಿದ್ದರು. ಇನ್ನೊಬ್ಬರು ಪೂಜೆ ಮುಗಿದ ಮೇಲೆ ಉಡುಪು ಕಳಚಿಟ್ಟು, ಪಂಚೆ ಎತ್ತಿ ಕಟ್ಟಿ, ನೇರ ಹಿಪ್ಪುನೇರಳೆ ತೋಟಕ್ಕೆ ಬಂದು, ಸೊಪ್ಪು ಕೊಯ್ಯುತ್ತಿದ್ದವರ ನಡುವೆ ನಿಂತು ಪ್ರಾರ್ಥನೆ ಹೇಳಿ, ಒಂದು ಮಂಕರಿ ಸೊಪ್ಪು ಹೊತ್ತುಕೊಟ್ಟು ಹೋಗುತ್ತಿದ್ದರು. ಮೊದಲನೆಯವರ ಕಾಲದಲ್ಲಿ ಪೂಜೆಗೆ ಬಂದವರ ಸಂಖ್ಯೆ ಹೆಚ್ಚಿತ್ತೋ, ಎರಡನೆಯವರ ಕಾಲದಲ್ಲೋ, ನಾನು ಎಣಿಸಿಲ್ಲ. ಎರಡನೆಯವರು ವರ್ಗವಾಗಿ ಹೊರಟ ದಿನ ಬಸ್ಸು ಊರ ಮುಂದೆ ಅರ್ಧ ಗಂಟೆ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ಸಬ್ಬತ್ತಿನ ದಿನ ಎತ್ತು ಬಾವಿಗೆ ಬಿದ್ದರೆ ನಿಮ್ಮಲ್ಲಿ ಯಾರು ಮೇಲೆತ್ತದೆ ಇರುತ್ತೀರಿ ಎಂದು ಯೇಸು ಕೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ಈ ಪ್ರಸಂಗ ಬಂದಾಗಲೆಲ್ಲ ನಮ್ಮ ಕೆಲವು ಬೋಧಕರು ಯೆಹೂದ್ಯರನ್ನು ಕಲ್ಲುಮನಸ್ಸಿನವರಂತೆ ಬಣ್ಣಿಸುತ್ತಾರೆ. ಅದು ಸರಿಯಲ್ಲ. ಅವರ ಹಿರಿಯ ಗುರುಗಳು 613 ಆಜ್ಞೆಗಳನ್ನು ಎಣಿಸಿಟ್ಟವರು ನಿಜ. ಜೀವ ಉಳಿಸುವ ಸಂದರ್ಭ ಬಂದರೆ ಸಬ್ಬತ್ತಿನ ಕಟ್ಟಳೆ ಬದಿಗೆ ಸರಿಯಬೇಕು ಎಂದು ಹೇಳಿದವರೂ ಅವರೇ. ಯೇಸು ಆ ಮಣ್ಣಿನಲ್ಲೇ ಬೆಳೆದವರು. ಅವರ ಜಗಳ ಒಂದು ಧರ್ಮದೊಂದಿಗೆ ಅಲ್ಲ, ಎಲ್ಲ ಧರ್ಮಗಳಲ್ಲೂ ಇರುವ ಒಂದು ಮನಸ್ಸಿನೊಂದಿಗೆ. ಪುದೀನ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲನ್ನು ದೇವರಿಗೆ ಅಳೆದುಕೊಟ್ಟು, ನ್ಯಾಯ ಕರುಣೆಗಳನ್ನು ಮರೆಯುವ ಮನಸ್ಸು ಅದು. ನಮ್ಮೂರಲ್ಲೂ ಅದಕ್ಕೆ ಮನೆಯಿತ್ತು.

ಆ ಮನಸ್ಸಿನ ಗುಟ್ಟು ನನಗೆ ಹೊಳೆದದ್ದು ಒಳ್ಳೆಯ ಸಮಾರ್ಯದವನ ಕಥೆಯಲ್ಲಿ. ಕಥೆ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಇಬ್ಬರು ನೋಡಿ ಬಳಸಿಹೋದರು, ಪರದೇಶಿಯಂತಿದ್ದ ಮೂರನೆಯವನು ಎತ್ತಿಕೊಂಡ. ನಾವು ಮರೆಯುವುದು ಆ ಕಥೆಗೆ ಕಾರಣವಾದ ಪ್ರಶ್ನೆಯನ್ನು. ಧರ್ಮಶಾಸ್ತ್ರಿಯೊಬ್ಬ ಬಂದು ನನ್ನ ನೆರೆಯವನು ಯಾರು ಎಂದು ಕೇಳಿದ್ದ. ಎಲ್ಲಿಯವರೆಗೆ ಪ್ರೀತಿಸಬೇಕು, ಯಾವ ಬೇಲಿಗೆ ನಿಲ್ಲಿಸಬಹುದು ಎಂಬುದು ಅದರ ಒಳಗಿನ ಮಾತು. ಕಟ್ಟಳೆಯಲ್ಲಿ ಮನುಷ್ಯನಿಗೆ ಸಿಗುವ ದೊಡ್ಡ ಸಮಾಧಾನ ಅದೇ: ಇಲ್ಲಿಗೆ ಸಾಕು ಎಂದು ಅದು ಹೇಳುತ್ತದೆ. ಪೂಜೆಗೆ ಹೋದೆ, ಸಾಕು. ಶುಕ್ರವಾರ ಬಿಟ್ಟೆ, ಸಾಕು. ಕಾಣಿಕೆ ಹಾಕಿದೆ, ಸಾಕು. ಹೇಳಿದ್ದನ್ನು ಮಾಡಿ ಮುಗಿಸಿ ಮನಸ್ಸು ಮನೆಗೆ ಹೋಗಬಹುದು. ಸಮಾರ್ಯದವನು ಗಾಯ ಕಟ್ಟಿದ, ಅದು ಸಾಕಿತ್ತು. ತನ್ನ ಕತ್ತೆಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆತಂದ. ರಾತ್ರಿಯೆಲ್ಲ ನೋಡಿಕೊಂಡ. ಬೆಳಿಗ್ಗೆ ದುಡ್ಡು ಕೊಟ್ಟು, ಇನ್ನೂ ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಎಂದು ಲೆಕ್ಕವನ್ನು ತೆರೆದೇ ಇಟ್ಟು ಹೋದ. ಆ ತೆರೆದಿಟ್ಟ ಲೆಕ್ಕದ ಮುಂದೆ ನಾನು ಪ್ರತಿಸಲ ನಿಂತುಬಿಡುತ್ತೇನೆ.

ಕನ್ನಡದಲ್ಲಿ ಸಾಕು ಎಂಬ ಮಾತಿಗೆ ಎರಡು ಅರ್ಥ. ಒಂದು, ಇನ್ನು ಬೇಡ ಎಂಬುದು. ಇನ್ನೊಂದು, ಪೊರೆ, ಸಲಹು ಎಂಬುದು. ಹುಳು ಸಾಕು, ದನ ಸಾಕು, ಮಗುವನ್ನು ಸಾಕು. ಒಂದೇ ಸದ್ದು. ಒಂದರಲ್ಲಿ ಬಾಗಿಲು ಮುಚ್ಚುತ್ತದೆ, ಇನ್ನೊಂದರಲ್ಲಿ ತೆರೆಯುತ್ತದೆ.

ಅಜ್ಜಿ ಒಬ್ಬ ಹುಡುಗನನ್ನು ಸಾಕಿದ್ದಳು. ಅವರನ್ನು ನಾನು ಚಿಕ್ಕಪ್ಪ ಎನ್ನುತ್ತೇನೆ. ನಮ್ಮ ತೋಟಕ್ಕೆ ಸೊಪ್ಪು ಕೊಯ್ಯಲು ಬರುತ್ತಿದ್ದ ಹೆಂಗಸಿನ ಮಗ, ಊರಾಚೆಯ ಕೇರಿಯವರು. ತಾಯಿ ಜ್ವರದಲ್ಲಿ ತೀರಿಕೊಂಡಳು. ತಂದೆ ಕೂಲಿ ಹುಡುಕಿಕೊಂಡು ಹೋದವನು ಮರಳಲಿಲ್ಲ. ಎರಡು ವರ್ಷದ ಮಗುವನ್ನು ಅಜ್ಜಿ ಸೊಂಟಕ್ಕೆ ಹಾಕಿಕೊಂಡು ಮನೆಗೆ ಬಂದಾಗ ಅವಳಿಗೇ ಐದು ಮಕ್ಕಳು. ಬಂಧುಗಳು ಬಹಳ ಮಾತಾಡಿದರಂತೆ. ಮಾತಾಡಿದವರೆಲ್ಲ ಶುಕ್ರವಾರ ತಪ್ಪದವರು. ಕೇರಿಯ ಮಗುವಿಗೆ ಒಳಮನೆಯಲ್ಲಿ ತಟ್ಟೆ ಹಾಕುವುದು ಯಾವ ಕಟ್ಟಳೆಯಲ್ಲೂ ಇಲ್ಲ ಎಂದರಂತೆ. ಬೇಡ ಅನ್ನುವ ಕಟ್ಟಳೆಯೂ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಇಲ್ಲಿ ನನ್ನ ಹಳೆಯ ನೋವೊಂದನ್ನು ಹೇಳಲೇಬೇಕು. ಪವಿತ್ರ ಗುರುವಾರ ಸ್ವಾಮಿಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ. ನನ್ನ ಬಾಲ್ಯದಲ್ಲಿ ಆ ಹನ್ನೆರಡರ ಪಟ್ಟಿ ವಾರ ಮೊದಲೇ ತಯಾರಾಗುತ್ತಿತ್ತು. ಮನೆಯಲ್ಲಿ ಸೋಪು ಹಚ್ಚಿ ತಿಕ್ಕಿ ತೊಳೆದ ಪಾದಗಳನ್ನೇ ಅಲ್ಲಿ ಮತ್ತೆ ತೊಳೆಯುತ್ತಿದ್ದರು. ಪಟ್ಟಿಯಲ್ಲಿ ದೊಡ್ಡಬೀದಿಯ ಮನೆಗಳ ಹೆಸರುಗಳೇ ಇರುತ್ತಿದ್ದವು. ಕೇರಿಯ ಕ್ರೈಸ್ತರು ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಯಾರೂ ಅವರನ್ನು ಬರಬೇಡಿ ಎಂದಿರಲಿಲ್ಲ. ಬನ್ನಿ ಎಂದೂ ಇರಲಿಲ್ಲ. ಪಾದ ತೊಳೆಯುವ ವಿಧಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ, ನೀರು, ತಟ್ಟೆ, ಟವೆಲ್ಲು ಎಲ್ಲವೂ ಕ್ರಮದಲ್ಲಿದ್ದವು. ಯಾರಿಗೂ ಅದು ಪಾಪವೆಂದು ಅನಿಸಲಿಲ್ಲ, ಏಕೆಂದರೆ ಪಾಪನಿವೇದನೆಗೆ ಮುಂಚೆ ಬೆರಳು ಮಡಚಿ ಎಣಿಸುವ ಪಟ್ಟಿಯಲ್ಲಿ ಅದಿರಲಿಲ್ಲ.

ಚಿಕ್ಕಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತು ಅಜ್ಜಿಗಾಗಿ ಕಾಯುತ್ತಿದ್ದರು. ಅವರಿಗೆ ದೀಕ್ಷಾಸ್ನಾನವಾಗಿರಲಿಲ್ಲ. ಯಾಕೆ ಕೊಡಿಸಲಿಲ್ಲ ಎಂದವರಿಗೆಲ್ಲ ಅಜ್ಜಿಯದು ಒಂದೇ ಉತ್ತರ: “ಅವರಪ್ಪ ಬಂದ್ರೆ ಕೇಳ್ಬೇಕಲ್ವಾ? ನನ್ನ ಹತ್ರ ಬಿಟ್ಟೋಗಿರೋ ಕೂಸು, ನಾನು ಕೊಂಡ್ಕೊಂಡಿರೋದಲ್ಲ.” ನಲವತ್ತು ದಿನವೂ ಮಡಕೆ ಇಳಿಸದ ಹೆಂಗಸು ಹೇಳಿದ ಮಾತಿದು.

2013ರ ಮಾರ್ಚ್ 28ರಂದು, ಆರಿಸಿ ಬಂದು ತಿಂಗಳೂ ಆಗದ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿ ಎಳೆಯರ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಆಗಿನ ವಿಧಿಯಂತೆ ಪಾದ ತೊಳೆಸಿಕೊಳ್ಳುವವರು ಗಂಡಸರೇ ಆಗಿರಬೇಕಿತ್ತು. ಕಟ್ಟಳೆ ತಿದ್ದಿ ಹೆಂಗಸರಿಗೂ ಅವಕಾಶವಾದದ್ದು 2016ರಲ್ಲಿ. ಮೊದಲು ಮೊಣಕಾಲೂರಿದರು, ಕಾಗದ ಆಮೇಲೆ ಬಂತು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದಾಗ ನನ್ನ ಕಣ್ಣಿಗೆ ಬಂದದ್ದು ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಚಿಕ್ಕಪ್ಪನ ಪಾದಗಳು, ತೋಟದ ಕೆಂಪು ಮಣ್ಣು ಮೆತ್ತಿದವು.

ಹಾಗೆ ನೋಡಿದರೆ ನಮ್ಮ ಮೈಸೂರು ಸೀಮೆಯಲ್ಲೂ ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡಿದವರಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದು ಗಂಜಾಂನಲ್ಲಿ ನೆಲೆನಿಂತ ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಅಂಥವರು. ನಮ್ಮವರಂತೆ ಬಟ್ಟೆ ತೊಟ್ಟು ನಮ್ಮವರಂತೆ ಉಂಡರು, ಜನ ದೊಡ್ಡಸ್ವಾಮಿಯೋರು ಎಂದರು. ಸಿಡುಬು ಊರೂರನ್ನೇ ಗುಡಿಸಿಹಾಕುತ್ತಿದ್ದ ಕಾಲ. ಹಸುವಿನ ಸಿಡುಬಿನಿಂದ ತೆಗೆದ ಹೊಸ ಲಸಿಕೆಯನ್ನು ಚುಚ್ಚಿಸಿಕೊಳ್ಳಲು ಜನ ಹೆದರುತ್ತಿದ್ದರು. ಈ ಪಾದ್ರಿ ಮುಂದೆ ನಿಂತು 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ಹಿಂದೂಗಳನ್ನು ಮತಕ್ಕೆ ತರುವ ಕೆಲಸ ಕೈಗೂಡಲಿಲ್ಲ, ಕೈಗೂಡುವುದೂ ಇಲ್ಲ ಎಂದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರೇ ಬರೆದಿದ್ದಾರೆ. ಅದನ್ನು ಓದಿ ಸೋತವರೆಂದು ತಿಳಿದವರುಂಟು. ತೋಳಿನ ಮೇಲೆ ಲಸಿಕೆಯ ಕಲೆ ಹೊತ್ತು ಬದುಕಿ, ಮಕ್ಕಳನ್ನು ಕಂಡು, ಮೊಮ್ಮಕ್ಕಳನ್ನು ಕಂಡವರ ಕಡೆಯಿಂದ ನಾನು ನೋಡುತ್ತೇನೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರುಮಾಡಿ, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ ಫಾದರ್ ಮುಲ್ಲರ್ ಅವರದೂ ಅದೇ ದಾರಿ. ಮಾತ್ರೆಯಲ್ಲಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

ಇಷ್ಟು ಹೇಳಿದೆನೆಂದು ಕಟ್ಟಳೆಗಳನ್ನು ಕಿತ್ತೆಸೆಯಿರಿ ಎಂಬುದು ನನ್ನ ಮಾತಲ್ಲ. ಪ್ರೀತಿ ಎಂಬ ಹೆಸರಿನಲ್ಲಿ ಸೋಮಾರಿತನವೂ ನಡೆಯುತ್ತದೆ. ದೇವರು ನನ್ನ ಹೃದಯದಲ್ಲಿದ್ದಾನೆ ಎಂದುಕೊಂಡು ಯಾರ ಮನೆಗೂ ಹೋಗದೆ, ಯಾವ ರೋಗಿಯ ಬಳಿಯೂ ಕೂರದೆ ಇದ್ದುಬಿಡುವುದು ಬಹಳ ಸುಲಭ. ಒಣಗಿದ ದಿನಗಳು ಎಲ್ಲರಿಗೂ ಬರುತ್ತವೆ, ಯಾರ ಮೇಲೂ ಪ್ರೀತಿ ಉಕ್ಕದ ದಿನಗಳು. ಅಂಥ ದಿನ ಸಂಜೆಯ ಗಂಟೆ ಹೊಡೆದಾಗ ಅಭ್ಯಾಸಬಲದಿಂದ ಎದ್ದು ನಿಂತ ಕಾಲುಗಳೇ ನನ್ನನ್ನು ಎಷ್ಟೋ ಸಲ ಕಾಪಾಡಿವೆ. ಅಜ್ಜಿ ಜಪಸರ ಮುಗಿಸದೆ ಮಲಗುತ್ತಿರಲಿಲ್ಲ. ಆ ಮಣಿಗಳ ನಡುವೆ ಊರಿನ ಪ್ರತಿ ಕಾಯಿಲೆಯವರ ಹೆಸರೂ ಬರುತ್ತಿತ್ತು, ಬಯ್ದ ಬಂಧುಗಳದೂ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೇ ಅಧ್ಯಾಯವನ್ನು ಈಗ ಮದುವೆಗಳಲ್ಲಿ ಓದುತ್ತಾರೆ. ಪ್ರೀತಿಯ ಅಧ್ಯಾಯವೆಂದು ಹೆಸರು. ಮದುಮಕ್ಕಳಿಗೆ ಬರೆದದ್ದಲ್ಲ ಅದು, ಜಗಳವಾಡುತ್ತಿದ್ದ ಒಂದು ಸಭೆಗೆ ಬರೆದದ್ದು. ಎರಡು ಅಧ್ಯಾಯ ಹಿಂದಕ್ಕೆ ಹೋದರೆ ಜಗಳ ಕಾಣುತ್ತದೆ: ಪ್ರಭುಭೋಜನಕ್ಕೆ ಸೇರಿದಾಗ ಕೆಲವರು ಮೊದಲೇ ಹೊಟ್ಟೆತುಂಬ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಇನ್ನೂ ಹಿಂದಕ್ಕೆ ಎಂಟನೇ ಅಧ್ಯಾಯದಲ್ಲಿ ಬಾಡಿನ ಪ್ರಶ್ನೆ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ? ತಿನ್ನದಿದ್ದರೆ ನಷ್ಟವಿಲ್ಲ, ತಿಂದರೆ ಲಾಭವಿಲ್ಲ ಎಂಬುದು ಪೌಲರ ನಿಲುವು. ಆದರೆ ತಾನು ತಿನ್ನುವುದರಿಂದ ಎಳೆಯ ಮನಸ್ಸಿನ ಒಬ್ಬ ಸೋದರ ಎಡವುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲ ಎಂದರು. ತಟ್ಟೆ ನೋಡಿ ತೀರ್ಮಾನಿಸಬೇಡ, ಪಕ್ಕದವನ ಮುಖ ನೋಡು ಎಂದು ನನಗೆ ಅರ್ಥವಾದದ್ದು. ಆ ಮುಖ ನೋಡಿ ಬಿಡಬೇಕಾದ ದಿನವೂ ಬರಬಹುದು, ತಿನ್ನಬೇಕಾದ ದಿನವೂ.

ಅಂಥ ದಿನವೊಂದು ನಮ್ಮ ಮನೆಯಲ್ಲಿ ಬಂದದ್ದನ್ನು ನನ್ನ ಅಪ್ಪ ಹೇಳಿದ್ದರು. ಚಿಕ್ಕಪ್ಪನಿಗೆ ಆಗ ಆರೋ ಏಳೋ ವರ್ಷ. ಮೂರು ವಾರ ಬಿಡದ ಜ್ವರ. ಜ್ವರ ಇಳಿದ ಮೇಲೆ ಗಂಜಿಯೂ ಸೇರುತ್ತಿರಲಿಲ್ಲ, ಹುಡುಗ ಕಡ್ಡಿಯಾಗಿದ್ದ. ಕಾಲುಸೂಪು ಕೊಟ್ಟು ನೋಡಿ ಎಂದು ಆಸ್ಪತ್ರೆಯ ಕಂಪೌಂಡರ್ ಹೇಳಿಕಳಿಸಿದ್ದ. ತಪಸ್ಸುಕಾಲ, ಅದರಲ್ಲೂ ಶುಕ್ರವಾರ. ಅಜ್ಜಿ ಏಣಿ ಹಾಕಿ ಮಡಕೆ ಇಳಿಸಿದಳು. ನಾಲ್ಕು ಕಾಲು ತರಿಸಿ, ಸುಟ್ಟು, ಕೆರೆದು, ಮೆಣಸು ಜೀರಿಗೆ ಕುಟ್ಟಿ ಹಾಕಿ, ಮಧ್ಯಾಹ್ನದಿಂದ ಸಂಜೆಯವರೆಗೆ ಕುದಿಸಿದಳು. ಬೀದಿಗೆಲ್ಲ ಘಮ ಹರಡಿತು. ಶಿಲುಬೆಹಾದಿಗೆ ಹೊರಟಿದ್ದ ಜನ ಬಾಗಿಲ ಮುಂದೆ ಹಾದುಹೋದರು.

ಬಟ್ಟಲು ತುಟಿಗೆ ಹಿಡಿದರೆ ಹುಡುಗ ಮುಖ ತಿರುಗಿಸಿದ. “ಇವತ್ತು ಸುಕ್ರವಾರ ಕಣವ್ವ. ನೀನು ತಿನ್ನಲ್ಲ. ನಾನೂ ತಿನ್ನಲ್ಲ.”

ಯಾರೂ ಅವನಿಗೆ ಆ ಕಟ್ಟಳೆ ಹೇರಿರಲಿಲ್ಲ. ದೀಕ್ಷಾಸ್ನಾನವಾಗದ ಮಗು, ಕಾಯಿಲೆಯ ಮಗು, ಅವನಿಗೆ ಎಲ್ಲ ಬಗೆಯ ವಿನಾಯಿತಿಯೂ ಇತ್ತು. ಅವಳಂತೆ ಇರಬೇಕೆಂಬ ಆಸೆಯೊಂದೇ ಅವನನ್ನು ಕಟ್ಟಿತ್ತು. ಅಜ್ಜಿ ಸ್ವಲ್ಪ ಹೊತ್ತು ಅವನನ್ನೇ ನೋಡುತ್ತ ಕುಳಿತಳಂತೆ. ಆಮೇಲೆ ಒಳಗಿನಿಂದ ಇನ್ನೊಂದು ಬಟ್ಟಲು ತಂದು, ಅದಕ್ಕೂ ಸೂಪು ಬಗ್ಗಿಸಿ, ಎಲ್ಲರೆದುರಿಗೆ ಒಂದೇ ಉಸಿರಿಗೆ ಕುಡಿದು, ಖಾಲಿ ಬಟ್ಟಲನ್ನು ಅವನಿಗೆ ತೋರಿಸಿದಳು. “ನೋಡು, ಕುಡಿದೆ. ಈಗ ನೀನು ಮಗ.” ಹುಡುಗ ಕುಡಿದ. ಇನ್ನಷ್ಟು ಕೇಳಿದ.

ಶನಿವಾರ ಅವಳು ಎಂದಿನಂತೆ ಪಾಪನಿವೇದನೆಯ ಸಾಲಿನಲ್ಲಿ ನಿಂತಳು. ಶುಕ್ರವಾರದ ವಿಷಯ ಹೇಳಿದೆಯಾ ಎಂದು ಅಪ್ಪ ಕೇಳಿದ್ದಕ್ಕೆ, ಹೇಳಿದೆ ಎಂದಳಂತೆ. ಪಾಪಗಳನ್ನೆಲ್ಲ ಹೇಳಿ ಮುಗಿಸಿ, ಸ್ವಾಮಿಗಳು ಪ್ರಾರ್ಥನೆ ಶುರುಮಾಡುವ ಮೊದಲು, “ಮಗ ಎರಡು ಬಟ್ಲು ಸೂಪು ಕುಡಿದ ಸ್ವಾಮಿ” ಎಂದು ಸಂತೋಷಕ್ಕೆ ಹೇಳಿದಳಂತೆ.

ಅಜ್ಜಿಯ ಕೊನೆಯ ದಿನಗಳಲ್ಲಿ ನಾನು ಊರಿಗೆ ಹೋಗಿದ್ದೆ. ಐದು ಮಕ್ಕಳೂ ಬಂದಿದ್ದರು, ಸರದಿಯಂತೆ ನೋಡಿಕೊಳ್ಳುತ್ತಿದ್ದರು. ಯಾರ ಸರದಿ ಯಾವ ದಿನ ಎಂಬ ಚೀಟಿ ಬಾಗಿಲ ಹಿಂದೆ ಅಂಟಿಸಿತ್ತು. ಚಿಕ್ಕಪ್ಪನ ಹೆಸರು ಅದರಲ್ಲಿರಲಿಲ್ಲ, ಏಕೆಂದರೆ ಅವರು ಆ ಕೋಣೆ ಬಿಟ್ಟು ಹೋಗುತ್ತಲೇ ಇರಲಿಲ್ಲ. ಅವತ್ತು ಸಂಜೆ ರಾಗಿಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದರು. ಮೂರು ಚಮಚಕ್ಕೆ ಅಜ್ಜಿ ಕೈಯೆತ್ತಿ, ಸಾಕು ಎಂದಳು. ಚಿಕ್ಕಪ್ಪ ಸೆರಗಿನ ತುದಿಯಿಂದ ಅವಳ ಬಾಯಿ ಒರೆಸಿದರು. ಮತ್ತೆ ಚಮಚ ತುಂಬಿದರು.

“ಸಾಕು ಕಣಪ್ಪ.”

“ನೀನು ನಂಗೆ ಯಾವತ್ತಾದ್ರೂ ಸಾಕು ಅಂದಿದ್ಯಾ ಅವ್ವ? ಇನ್ನೊಂದು. ಬಾಯಿ ಬಿಡು.”

ಅಜ್ಜಿ ಬಾಯಿ ಬಿಟ್ಟಳು.